ಏಳು ಸೆಕೆಂಡಿನ ದರ್ಶನ: ವಿವಿಪ್ಯಾಟ್ ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ವಿವಿಪ್ಯಾಟ್ ಅವರಿಗೆ,

ಅಂಧ ಮತದಾರನೊಬ್ಬನ ನಮಸ್ಕಾರಗಳು. ಉಭಯ ಕುಶಲೋಪರಿ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಇಲ್ಲ ಬಿಡಿ. ಬೀಗ, ಮೊಹರು, ಸಿಸಿ ಕ್ಯಾಮೆರಾ, ಬಂದೂಕಿನ ಪಹರೆ ಇರುವ ಸ್ಟ್ರಾಂಗ್ ರೂಮಿನಲ್ಲಿ ಇರುವವರಿಗೆ ಯಾವ ಕೇಡು ಬಂದೀತು?

ತಾವು ಮೊದಲು ಕಾಣಿಸಿಕೊಂಡದ್ದು 2013ರಲ್ಲಿ, ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಮತಗಟ್ಟೆಗಳಲ್ಲೂ ಬಂದು ಕೂತಿರಿ. ತಮ್ಮ ಕುಲದವರಲ್ಲಿ ಅನೇಕರು ನಮ್ಮ ಬೆಂಗಳೂರಿನ ಕಾರ್ಖಾನೆ ಬಿಇಎಲ್‌ನಲ್ಲೇ ಹುಟ್ಟಿದವರು ಎಂಬ ಹೆಮ್ಮೆಯೂ ನನಗಿದೆ. ಮತಯಂತ್ರದ ಗುಂಡಿ ಒತ್ತಿದೊಡನೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿಯನ್ನು ಗಾಜಿನ ಹಿಂದೆ ಏಳು ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುತ್ತೀರಂತೆ. ತಿರುಪತಿಯಲ್ಲೂ ಇಷ್ಟು ಹೊತ್ತಿನ ದರ್ಶನ ಸಿಗುವುದಿಲ್ಲ. ಆದರೆ ಆ ಏಳು ಸೆಕೆಂಡು ನನ್ನಂಥವನು ಏನು ಮಾಡಬೇಕು ಎಂಬುದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ನಾನು ಕೃತಘ್ನನಲ್ಲ. ಅಧ್ಯಕ್ಷಾಧಿಕಾರಿಗಳ ಮೇಜಿನ ಬಳಿ ಬ್ರೈಲ್ ಮಾದರಿ ಮತಪತ್ರ ಕೊಡುತ್ತಾರೆ. ಬೆರಳಾಡಿಸಿ ಹೆಸರುಗಳನ್ನು ಓದಿ, ಬೇಕಾದ ಕ್ರಮಸಂಖ್ಯೆ ನೆನಪಿಟ್ಟುಕೊಂಡು, ಹಾಳೆ ವಾಪಸು ಕೊಟ್ಟು ರಟ್ಟಿನ ಮರೆಗೆ ಹೋಗುತ್ತೇನೆ. ಗುಂಡಿಗಳ ಪಕ್ಕ 1ರಿಂದ 16ರವರೆಗೆ ಬ್ರೈಲ್ ಅಂಕಿಗಳಿವೆ. ತಡವಿ ಒತ್ತುತ್ತೇನೆ. ಬೀಪ್! ಮತ ಬಿತ್ತು. ಯಾರಿಗೆ ಬಿತ್ತು? ಅದನ್ನು ತಾವು ಆಗಲೇ ತೋರಿಸಿದ್ದೀರಿ, ನಾನು ಸುಮ್ಮನೆ ನಿಂತಿದ್ದೆ.

ಚೀಟಿಯಲ್ಲಿ ಬೇರೆಯವರ ಹೆಸರು ಬಂದರೆ ದೂರು ಕೊಡಲು ಚುನಾವಣಾ ನಿಯಮಾವಳಿಯಲ್ಲಿ ನಿಯಮ 49ಎಂಎ ಇದೆ. ಲಿಖಿತ ಘೋಷಣೆ ಕೊಡಬೇಕು, ಅಭ್ಯರ್ಥಿಗಳ ಏಜೆಂಟರೆದುರು ಪರೀಕ್ಷಾ ಮತ ಹಾಕಬೇಕು, ದೂರು ಸುಳ್ಳಾದರೆ ಜೈಲೂ ಆದೀತು. ಕಣ್ಣಿದ್ದವರೇ ಹೆದರುವ ನಿಯಮ ಇದು. ಚೀಟಿಯನ್ನೇ ಕಾಣದ ನಾನು ಯಾವ ಆಧಾರದ ಮೇಲೆ ಘೋಷಣೆ ಬರೆಯಲಿ? ಹಾಗಾಗಿ ನನ್ನಿಂದ ತಮ್ಮ ಮೇಲೆ ಒಂದೇ ಒಂದು ದೂರೂ ಬರುವುದಿಲ್ಲ. ಇಂಥ ಸಂಭಾವಿತ ಮತದಾರ ಇನ್ನೆಲ್ಲಿ ಸಿಕ್ಕಾನು!

‘ಸಹಾಯಕರನ್ನು ಕರೆದುಕೊಂಡು ಬನ್ನಿ, ನಿಯಮ 49ಎನ್ ಇದೆಯಲ್ಲ’ ಎನ್ನುತ್ತಾರೆ ಬಲ್ಲವರು. ಇದೆ. ಹದಿನೆಂಟು ತುಂಬಿದ ಯಾರನ್ನಾದರೂ ಮರೆಯೊಳಗೆ ಕರೆದೊಯ್ಯಬಹುದು. ಗುಟ್ಟು ಕಾಯುತ್ತೇನೆಂದು ಅವರು ಘೋಷಣೆ ಕೊಟ್ಟರೆ ಸಾಕು. ಹೀಗೆ ಒಮ್ಮೆ ನನ್ನ ಭಾವಮೈದನನ್ನು ಕರೆದೊಯ್ದಿದ್ದೆ. ಹೊರಗೆ ಬಂದವನೇ ಹೇಳಿದ: “ಚಿಂತೆ ಬಿಡಿ ಭಾವ, ನಿಮ್ಮ ಚಿಹ್ನೆಗೇ ಒತ್ತಿದ್ದೀನಿ.” ನನ್ನ ಚಿಹ್ನೆ ಯಾವುದೆಂದು ನಾನಿನ್ನೂ ಹೇಳಿಯೇ ಇರಲಿಲ್ಲ.

ಮನೆಯಿಂದಲೇ ಮತ ಹಾಕುವ ಸೌಲಭ್ಯವೂ ಬಂದಿದೆ. ಅಧಿಕಾರಿಗಳು, ಪೊಲೀಸರು, ವಿಡಿಯೊ ತೆಗೆಯುವವರು ಎಲ್ಲರೂ ಮನೆಬಾಗಿಲಿಗೆ ಬರುತ್ತಾರೆ. ಆದರೆ ಅಲ್ಲಿ ಕೈಗೆ ಕೊಡುವುದು ಕಾಗದದ ಮತಪತ್ರ. ಅದನ್ನು ಓದಲು ಮತ್ತೆ ಅದೇ ಭಾವಮೈದ!

2024ರ ಏಪ್ರಿಲ್ 26ರಂದು ಕರ್ನಾಟಕದ 14 ಕ್ಷೇತ್ರಗಳು ಮತ ಹಾಕುತ್ತಿದ್ದಾಗ, ತಮ್ಮ ಎಲ್ಲ ಚೀಟಿಗಳನ್ನೂ ಎಣಿಸಿ ಮತಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದು ಚೀಟಿ ಎಣಿಸುವ ತಕರಾರು. ನನ್ನದು ಅದಕ್ಕೂ ಹಿಂದಿನದು: ಪೆಟ್ಟಿಗೆಗೆ ಬಿದ್ದ ಚೀಟಿ ನನ್ನದೇ ಎಂದು ನನಗೆ ಮೊದಲು ಗೊತ್ತಾಗಬೇಡವೇ? ಅದಕ್ಕೇ ನಾನು ಕೇಳುವುದು ಇಷ್ಟೇ: ಚೀಟಿಯಲ್ಲಿರುವುದನ್ನು ತಾವು ಹೆಡ್‌ಫೋನಿನ ಮೂಲಕ ನನ್ನ ಕಿವಿಯಲ್ಲಿ ಓದಿ ಹೇಳಿ.

‘ಹೆಡ್‌ಫೋನ್ ಕೇಳಬೇಡಿ, ಅದರಿಂದ ಯಂತ್ರದ ಭದ್ರತೆ ಕೆಡುತ್ತದೆ’ ಎನ್ನಬಹುದು. ಆತಂಕ ಸುಳ್ಳಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಅಂಧರಿಗೆಂದು 2011ರಲ್ಲಿ ಐವೋಟ್ ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಆದರೆ ಅದನ್ನು ಕಣ್ಣಿದ್ದವರೇ ಹೆಚ್ಚು ಬಳಸಿದರು. 2021ರ ಸ್ಥಳೀಯ ಚುನಾವಣೆಯಲ್ಲಿ ಅದು ಕೈಕೊಟ್ಟು, ಮೂರು ಕಡೆಯ ಫಲಿತಾಂಶವನ್ನು ಕೋರ್ಟು ರದ್ದು ಮಾಡಿತು. ನನಗೆ ಅಂತರ್ಜಾಲ ಬೇಡ, ಆ್ಯಪೂ ಬೇಡ. ಒಂದು ವೈರಿನ ಹೆಡ್‌ಫೋನ್ ಸಾಕು. ಅಮೆರಿಕ 2002ರಲ್ಲೇ ಕಾನೂನು ಮಾಡಿ, ಅಂಧರು ಯಾರ ನೆರವೂ ಇಲ್ಲದೆ ಗುಟ್ಟಾಗಿ ಮತ ಹಾಕಬಲ್ಲ ಯಂತ್ರ ಪ್ರತಿ ಮತಗಟ್ಟೆಯಲ್ಲೂ ಒಂದಾದರೂ ಇರಬೇಕೆಂದಿತು. ಅಲ್ಲಿ ಯಂತ್ರ ಕಿವಿಯಲ್ಲಿ ಮಾತಾಡುತ್ತದೆ.

ಒಂದೇ ಷರತ್ತು: ನಾನು ಒತ್ತಿದ ಗುಂಡಿಯ ನಂಬರ್ ಹೇಳಿ ತಾವು ಜಾರಿಕೊಳ್ಳಬಾರದು, ಅಚ್ಚಾದ ಚೀಟಿಯನ್ನೇ ಓದಿ ಹೇಳಬೇಕು. ಬೆಳಿಗ್ಗೆ ಏಜೆಂಟರೆದುರು ನಡೆಯುವ ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ ನೋಡುತ್ತಾರಲ್ಲ, ಆಗಲೇ ತಮ್ಮ ದನಿಯನ್ನೂ ಪರೀಕ್ಷಿಸಲಿ.

ಗುಪ್ತ ಮತದಾನದ ಈ ಗಣರಾಜ್ಯ ಒಂದು ವೈರಿಗೆ ಹೆದರಿ ನನ್ನ ಭಾವಮೈದನನ್ನು ನಂಬಿ ಕೂತಿದೆ. ವೈರಿಗಾದರೂ ಮೊಹರು ಹಾಕಬಹುದು, ಭಾವಮೈದನ ಬಾಯಿಗೆ ಹಾಕುವುದು ಹೇಗೆ? ನನ್ನ ಮತವನ್ನು ನಾನೇ ಖಾತ್ರಿ ಮಾಡಿಕೊಳ್ಳುವುದು ಸೌಲಭ್ಯವಲ್ಲ, ಅದೇ ಭದ್ರತೆ. ಇದನ್ನು ಚುನಾವಣಾ ಆಯೋಗದವರಿಗೆ ತಿಳಿಸಿ, ಮುಂದಿನ ಚುನಾವಣೆಯೊಳಗೆ ತಾವು ಮಾತು ಕಲಿಯಿರಿ.

ಇಂತಿ ತಮ್ಮ ವಿಶ್ವಾಸಿ (ಬೇರೆ ದಾರಿಯಿಲ್ಲದೆ),
ಅಂಧ ಮತದಾರ

ತಾ.ಕ.: ಬರೆದು ಮುಗಿಸಿದ ಮೇಲೆ ಈ ಪತ್ರವನ್ನು ನನ್ನ ಫೋನೇ ಇಯರ್‌ಫೋನಿನಲ್ಲಿ ಓದಿ ಹೇಳಿತು. ಪಕ್ಕದಲ್ಲೇ ಕೂತಿದ್ದ ಭಾವಮೈದನಿಗೆ ಒಂದಕ್ಷರವೂ ಕೇಳಿಸಲಿಲ್ಲ.