ಲಾರಿಯ ಸ್ಥಾವರತ್ವವನ್ನು ಕುರಿತು

ಲಾರಿ ಜಂಗಮ ವಸ್ತು ಎಂಬುದು ಲೋಕರೂಢಿ. ಚಕ್ರವಿದೆ, ಎಂಜಿನ್ ಇದೆ, ಹಾರನ್ ಅಂತೂ ಇದ್ದೇ ಇದೆ, ಆದ್ದರಿಂದ ಅದು ಚಲಿಸುತ್ತದೆ ಎಂದು ಸಾಮಾನ್ಯರು ಊಹಿಸುತ್ತಾರೆ. ರಸ್ತೆ ಬದಿಯಲ್ಲಿ ನಿಂತು ನೋಡುವವರಿಗೆ ಹಾಗೆ ತೋರುವುದರಲ್ಲಿ ತಪ್ಪಿಲ್ಲ. ನಿಂತ ಲಾರಿ ಅವರ ಮುಂದೆ ಹಾದುಹೋಗುವುದಿಲ್ಲವಲ್ಲ. ಲಾರಿಯು ಸ್ವಭಾವತಃ ಸ್ಥಾವರವೆಂದೂ, ಅದರ ಚಲನೆ ಎರಡು ನಿಲುಗಡೆಗಳ ನಡುವೆ ಒದಗುವ ಆಕಸ್ಮಿಕವೆಂದೂ ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಇಷ್ಟು ಸಿದ್ಧವಾದರೆ ಒಂದು ಉಪಸಿದ್ಧಾಂತ ತಾನಾಗಿ ಹೊರಡುತ್ತದೆ: ಲಾರಿ ಸಂಸ್ಥೆ ನಡೆಸುವುದೆಂದರೆ ಲಾರಿ ಓಡಿಸುವ ವಿದ್ಯೆಯಲ್ಲ, ನಿಂತ ಲಾರಿಯ ಖರ್ಚನ್ನು ಯಾರ ತಲೆಗೆ ಕಟ್ಟಬೇಕೆಂಬ ವಿದ್ಯೆ.

ಈ ವಿಷಯದ ಮೇಲೆ ಹಿಂದೆ ಬರೆದವರು ಹೆಚ್ಚಾಗಿ ಮ್ಯಾನೇಜ್‌ಮೆಂಟ್ ಕಾಲೇಜುಗಳ ಕಡೆಯವರು. ಅವರ ಗ್ರಂಥಗಳಲ್ಲಿ ಬಾಣದ ಗುರುತು ಜಾಸ್ತಿ, ಟೈರು ಕಡಿಮೆ. ನಮ್ಮ ಆಕರ ಬೇರೆ: ಯಶವಂತಪುರದ ಎಪಿಎಂಸಿ ಆಸುಪಾಸಿನ ಟ್ರಾನ್ಸ್‌ಪೋರ್ಟ್ ಆಫೀಸುಗಳ ಬೆಂಚು. ಲೋಡಿಗಾಗಿ ಅಲ್ಲಿ ಕೂತವರಷ್ಟು ದೀರ್ಘಕಾಲ ಒಂದೇ ವಿಷಯವನ್ನು ಧ್ಯಾನಿಸಿದ ಪಂಡಿತರು ಯಾವ ವಿದ್ಯಾಪೀಠದಲ್ಲೂ ಇಲ್ಲ.

ಪ್ರಮಾಣ ವಿಚಾರ

ಮೊದಲು ಶಬ್ದಪ್ರಮಾಣ. ಈ ಯುಗದ ಶ್ರುತಿ ಗೆಜೆಟ್. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಸಾಗಬೇಕಾದರೆ ಇ-ವೇ ಬಿಲ್ ಬೇಕೆಂದು ಅದು ವಿಧಿಸುತ್ತದೆ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಈ ವಿಧಿ ಜಾರಿಯಾದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಜಾರಿ ಮಾಡಿ ಕರ್ನಾಟಕ ಎಲ್ಲರಿಗಿಂತ ಮುಂದೆ ನಿಂತಿತು. ಆ ಬಿಲ್ಲಿನ ಆಯುಸ್ಸು ಆಗ 100 ಕಿಲೋಮೀಟರಿಗೆ ಒಂದು ದಿನ. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಇನ್ನೊಂದು ವಿಧಿಯ ಪ್ರಕಾರ ಸರಕು ಲಾರಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ವೇಗದ ಕಡಿವಾಣ ಕೂರಿಸಬೇಕು. ಈಗ 200ನ್ನು 80ರಿಂದ ಭಾಗಿಸಿ. ಎರಡೂವರೆ ಗಂಟೆ. ದಿನದ ಉಳಿದ ಇಪ್ಪತ್ತೊಂದೂವರೆ ಗಂಟೆ ಲಾರಿ ಏನು ಮಾಡುತ್ತದೆ ಎಂಬುದನ್ನು ಶ್ರುತಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಅಳತೆ ಮೀರಿದ ಸರಕಾದರೆ ಆಯುಸ್ಸು 20 ಕಿಲೋಮೀಟರಿಗೆ ಒಂದು ದಿನ. ಚಿತ್ರದುರ್ಗದ, ಗದಗದ ಗುಡ್ಡಗಳಿಗೆ ಗಾಳಿಯಂತ್ರದ ರೆಕ್ಕೆ ಹೊತ್ತು ಹೊರಟ ಲಾರಿ, ಈ ಲೆಕ್ಕದಲ್ಲಿ, ದಿನಕ್ಕೆ ಕಾಲು ಗಂಟೆ ಮಾತ್ರ ಲಾರಿ; ಮಿಕ್ಕ ಹೊತ್ತು ಕಟ್ಟಡ.

ಇಲ್ಲಿ ಒಂದು ಶ್ರುತಿವಿರೋಧವನ್ನು ಗಮನಿಸಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 2025ರಲ್ಲಿ ರದ್ದಾಗುವ ತನಕ, ಡ್ರೈವರ್‌ನ ದುಡಿಮೆಯನ್ನು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗೆ ನಿಲ್ಲಿಸಿತ್ತು. ಎಂಟು ಗಂಟೆಯನ್ನು ಎಂಬತ್ತರಿಂದ ಗುಣಿಸಿದರೆ 640 ಕಿಲೋಮೀಟರ್ ಬರುತ್ತದೆ, 200 ಬರುವುದಿಲ್ಲ. ಎರಡು ವಿಧಿಗಳಲ್ಲಿ ಯಾವುದು ಪ್ರಬಲ ಎಂದು ಡ್ರೈವರ್‌ಗಳನ್ನು ಕೇಳುವಂತಿಲ್ಲ. ಅವರು ಆ ಕಾಯ್ದೆಯನ್ನು ಓದಿಲ್ಲ. ಓದಲು ಬೇಕಾದ ಬಿಡುವು ಆ ಕಾಯ್ದೆಯಲ್ಲೇ ಉಳಿದುಬಿಟ್ಟಿದೆ.

ಆದಾಯ ತೆರಿಗೆಯವರು ಮಾತ್ರ ಸಂಶಯಾತೀತ ಸ್ಥಾವರವಾದಿಗಳು. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಎಂಬ ಸೂತ್ರವು ಹತ್ತಕ್ಕೆ ಮೀರದ ಲಾರಿಗಳುಳ್ಳ ಮಾಲೀಕನಿಗೆ ಲೆಕ್ಕಪುಸ್ತಕದ ಕಾಟ ತಪ್ಪಿಸಿ, ಭಾರಿ ಲಾರಿಗೆ ಟನ್ನೊಂದಕ್ಕೆ ತಿಂಗಳಿಗೆ 1,000 ರೂಪಾಯಿ ಆದಾಯವೆಂದು ತಾನೇ ಭಾವಿಸಿಕೊಳ್ಳುವ ದಾರಿಯನ್ನು ತೆರೆಯಿತು. 28.5 ಟನ್ನಿನ ಹತ್ತು ಚಕ್ರದ ಲಾರಿಗೆ ತಿಂಗಳಿಗೆ 28,500 ರೂಪಾಯಿ ಆಯಿತು. ಲಾರಿ ಆ ತಿಂಗಳು ಓಡಿತೇ ಎಂದು ಸೂತ್ರ ಕೇಳುವುದಿಲ್ಲ. ಲಾರಿ ನಿನ್ನದು ಹೌದೇ ಎಂದು ಮಾತ್ರ ಕೇಳುತ್ತದೆ. ಇರುವಿಕೆಯೇ ಗಳಿಕೆ ಎಂದು ಒಪ್ಪಿದ ದರ್ಶನ ಇನ್ನೊಂದಿಲ್ಲ. (ಹನ್ನೊಂದನೆಯ ಲಾರಿ ಧರ್ಮಪತ್ನಿಯ ಹೆಸರಿನಲ್ಲೇ ಏಕೆ ಅವತರಿಸುತ್ತದೆ ಎಂಬ ಗಹನ ಪ್ರಶ್ನೆಗೂ ಉತ್ತರ ಇದೇ ಸೂತ್ರದಲ್ಲಿದೆ.)

ಪ್ರತ್ಯಕ್ಷಪ್ರಮಾಣಕ್ಕೆ ಇತ್ತೀಚೆಗೆ ಜಿಪಿಎಸ್ ಎಂಬ ಉಪಕರಣ ಬಂದಿದೆ. ಮಾಲೀಕನ ಫೋನಿನಲ್ಲಿ ಲಾರಿ ಒಂದು ಚುಕ್ಕೆಯಾಗಿ ಕಾಣುತ್ತದೆ, ಚುಕ್ಕೆ ಅಲ್ಲಾಡುವುದಿಲ್ಲ. ಆಗ ಈ ಬಗೆಯ ವಾದ ನಡೆಯುತ್ತದೆ:

"ಎಲ್ಲಿದ್ದೀಯಪ್ಪಾ?"

"ಸಿರಾ ದಾಟ್ದೆ ಅಣ್ಣ."

"ಇಲ್ಲಿ ತುಮಕೂರಲ್ಲೇ ತೋರಿಸ್ತೈತಲ್ಲೋ."

"ನೆಟ್‌ವರ್ಕ್ ಇಲ್ಲ ಅಣ್ಣ, ಅದ್ಕೆ ಹಿಂದೆ ತೋರಿಸ್ತೈತೆ."

"ನೆಟ್‌ವರ್ಕ್ ಇಲ್ದೆ ಫೋನ್ ಹೆಂಗೆ ಎತ್ತಿದೆ?"

"ಅಣ್ಣ, ಇನ್ನೂ ಊಟ ಆಗಿಲ್ಲ."

ಈ ಕೊನೆಯ ಉತ್ತರ ಯಾವ ತರ್ಕಗ್ರಂಥದಲ್ಲೂ ವರ್ಗೀಕೃತವಾಗಿಲ್ಲ. ಆದರೂ ಇದರ ಮುಂದೆ ವಾದ ಬೆಳೆಸಿದ ಮಾಲೀಕನನ್ನು ಬೆಂಚಿನವರು ಕಂಡಿಲ್ಲ.

ನಿಲುಗಡೆಯ ಪ್ರಭೇದಗಳು

ಮುಖ್ಯವಾದದ್ದು ಗೋಡೌನ್ ನಿಲುಗಡೆ. ಇದನ್ನು ವಿಸ್ತಾರವಾಗಿ ನೋಡದೆ ಮುಂದಕ್ಕೆ ಹೋದರೆ ಶಾಸ್ತ್ರಕ್ಕೆ ಅಪಚಾರ.

ಲಾರಿ ಬೆಳಗಿನ ಜಾವ ಪಾರ್ಟಿಯ ಗೋಡೌನ್ ಬಾಗಿಲಿಗೆ ಬರುತ್ತದೆ. ವಾಚ್‌ಮನ್ ಪುಸ್ತಕದಲ್ಲಿ ನಂಬರ್ ಬರೆದುಕೊಂಡು ಅಲ್ಲೇ ಪಕ್ಕಕ್ಕೆ ಹಾಕು ಎನ್ನುತ್ತಾನೆ. ಸೂಪರ್‌ವೈಸರ್ ಹತ್ತಕ್ಕೆ ಬರುತ್ತಾರೆ, ಹಮಾಲರು ಆಮೇಲೆ. ಹಮಾಲರು ಬಂದಾಗ ಟೀ ಹೊತ್ತು. ಟೀ ಮುಗಿದಾಗ, ಮುಂದೆ ನಿಂತ ಮೂರು ಲಾರಿ ಇಳಿಯಬೇಕು. ಅವು ಇಳಿದಾಗ ಊಟದ ಹೊತ್ತು. ಊಟ ಮುಗಿದ ಮೇಲೆ ಸೂಪರ್‌ವೈಸರ್ ಹೊರಬಂದು, ಒಳಗೆ ಜಾಗ ಇಲ್ಲ, ನಾಳೆ ನೋಡೋಣ ಎನ್ನುತ್ತಾರೆ. ಹೊರಗಿನವರು ಇದನ್ನು ಅವ್ಯವಸ್ಥೆ ಎಂದು ಬಗೆಯುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಇದಕ್ಕಿಂತ ಉತ್ತಮ ವ್ಯವಸ್ಥೆ ಇಲ್ಲ. ಒಳಗಿನ ಗೋಡೌನಿಗೆ ಬಾಡಿಗೆ ಇದೆ, ಕಾವಲಿದೆ, ವಿಮೆ ಇದೆ. ಹೊರಗೆ ನಿಂತಿರುವ ಗೋಡೌನಿಗೆ ಆರರಿಂದ ಹದಿನಾಲ್ಕು ಚಕ್ರ, ಟಾರ್ಪಾಲಿನ ಸೂರು, ಒಳಗೇ ಮಲಗುವ ಕಾವಲುಗಾರ, ಬಾಡಿಗೆ ಸೊನ್ನೆ. ಬುದ್ಧಿಯಿರುವ ಪಾರ್ಟಿ ಅದನ್ನು ಯಾಕೆ ಖಾಲಿ ಮಾಡಿಸುತ್ತಾನೆ?

ಹಾಲ್ಟಿಂಗ್ ಚಾರ್ಜ್ ಇಲ್ಲವೇ ಎಂದು ಕೇಳಬಹುದು. ಇದೆ. ಬಿಲ್ಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ. ವಸೂಲಾದದ್ದನ್ನು ಕಣ್ಣಾರೆ ಕಂಡವರಿದ್ದಾರೆಯೇ ಎಂಬಲ್ಲಿ ಮತಭೇದವಿದೆ. ಬಾಡಿಗೆಯ ದುಡ್ಡಿನ ಗತಿಯೂ ಹೆಚ್ಚು ಕಡಿಮೆ ಇದೇ. ಡೀಸೆಲ್ಲಿಗೆ ಕೊಡುವ ದುಡ್ಡು ಲಾರಿ ಹೊರಡುವ ಮೊದಲೇ ಹೋಗುತ್ತದೆ. ಟೋಲ್ ದುಡ್ಡು ಗೇಟು ಕಾಣುವ ಮೊದಲೇ ಖಾತೆಯಲ್ಲಿ ಕೂತಿರಬೇಕು. ಫೈನಾನ್ಸ್ ಕಂತು ತಾರೀಕು ತಪ್ಪುವುದಿಲ್ಲ. ಬಾಡಿಗೆ ಮಾತ್ರ, ಪಾರ್ಟಿಯ ಸೀಲು ಬಿದ್ದ ಸ್ವೀಕೃತಿಯ ಮೂಲಪ್ರತಿ ಹಿಂದಿರುಗಿ, ಅದು ಅಕೌಂಟ್ಸ್ ವಿಭಾಗ ಮುಟ್ಟಿ, ಅಲ್ಲಿನವರು ರಜೆ ಮುಗಿಸಿ ಬಂದು, ಆಮೇಲೆ ಎರಡು ಮೂರು ತಿಂಗಳಿಗೆ ಪ್ರಾಪ್ತವಾಗುತ್ತದೆ. ಅಂದರೆ ಸಣ್ಣ ಲಾರಿ ಮಾಲೀಕ, ತನ್ನ ಸರಕನ್ನು ಸಾಗಿಸಿಕೊಂಡ ದೊಡ್ಡ ಕಂಪನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಿರುತ್ತಾನೆ. ಅದೇ ಮಾಲೀಕ ಬಡ್ಡಿ ಕಟ್ಟಿ ಸಾಲ ತಂದಿರುತ್ತಾನೆ. ಪ್ರಬಂಧಕಾರನಿಗೆ ಈ ಒಂದು ಜಾಗದಲ್ಲಿ ವ್ಯಂಗ್ಯ ಹೊಂದಿಸುವುದು ಕಷ್ಟವಾಗಿದೆ. ವಸ್ತು ತಾನೇ ಅದನ್ನು ಮಾಡಿ ಮುಗಿಸಿದೆ.

ಊರಿನ ಹೊಸ್ತಿಲ ನಿಲುಗಡೆ ಇದರ ತಮ್ಮ. ಬೆಂಗಳೂರಿನೊಳಕ್ಕೆ ಹಗಲಿನ ನಿಗದಿತ ಹೊತ್ತಿನಲ್ಲಿ ಭಾರಿ ವಾಹನಕ್ಕೆ ಪ್ರವೇಶವಿಲ್ಲ, ಆದ್ದರಿಂದ ಲಾರಿ ನೆಲಮಂಗಲದಲ್ಲಿ ರಾತ್ರಿಗಾಗಿ ಕಾಯುತ್ತದೆ. ರಾತ್ರಿ ಊರು ತೆರೆಯುತ್ತದೆ, ಗೋಡೌನ್ ಮುಚ್ಚುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಮುಹೂರ್ತವನ್ನು ಪಂಚಾಂಗದವರು ಇನ್ನೂ ಕೊಟ್ಟಿಲ್ಲ.

ಟೋಲ್ ಗೇಟಿನ ನಿಲುಗಡೆಗೆ ಪ್ರಾಚೀನ ಆಧಾರವುಂಟು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ರಾಜಕಾರಣಿಗಳು ಉದ್ಧರಿಸುತ್ತಾರೆ, ಐಎಎಸ್ ಪರೀಕ್ಷೆಗೆ ಕೂರುವವರು ಉರು ಹೊಡೆಯುತ್ತಾರೆ. ಓದಬೇಕಾದ ಲಾರಿ ಮಾಲೀಕರು ಓದಿಲ್ಲ. ಸುಂಕದ ಅಧ್ಯಕ್ಷನ ಪ್ರಕರಣದಲ್ಲಿ, ಸರಕಿಗೆ ಮುದ್ರೆ ಇಲ್ಲದಿದ್ದರೆ ಎರಡರಷ್ಟು ಸುಂಕ, ಕಳ್ಳಮುದ್ರೆಯಾದರೆ ಎಂಟರಷ್ಟು ಎಂಬ ವಿಧಿಯಿದೆ. 2021ರ ಫೆಬ್ರವರಿ 15ರ ನಡುರಾತ್ರಿಯಿಂದ ಫಾಸ್ಟ್ಯಾಗ್ ಇಲ್ಲದ ವಾಹನಕ್ಕೆ ಎರಡರಷ್ಟು ಟೋಲ್ ಬಂತು; ಎಂಟರಷ್ಟನ್ನು ಮುಂದಿನ ಬಜೆಟ್ಟುಗಳಿಗೆ ಉಳಿಸಿಕೊಂಡಿರಬೇಕು. ಇನ್ನೂ ಸ್ವಾರಸ್ಯವಿದೆ. ಗಡಿ ಕಾಯುವ ಅಂತಪಾಲನು ಸರಕಿನ ಹೇರಿಗೆ ವರ್ತನಿ ಎಂಬ ದಾರಿಸುಂಕವನ್ನು ಒಂದೂಕಾಲು ಪಣದಂತೆ ವಸೂಲು ಮಾಡಬೇಕಂತೆ. 2025ರ ನವೆಂಬರ್ 15ರಿಂದ ಫಾಸ್ಟ್ಯಾಗ್ ಇಲ್ಲದೆ ಯುಪಿಐ ಮೂಲಕ ಕಟ್ಟುವವರಿಗೆ ಟೋಲ್ ಒಂದೂಕಾಲು ಪಟ್ಟು. ಪಣವೇ ಬೇರೆ ಪಟ್ಟೇ ಬೇರೆ ಎಂದು ತಕರಾರು ತೆಗೆಯುವ ವಿಮರ್ಶಕರು ದಯವಿಟ್ಟು ಗೇಟಿನ ಸಾಲಿನಲ್ಲಿ ನಿಂತು ತೆಗೆಯಲಿ. ಅದೇ ಪ್ರಕರಣದ ಪ್ರಕಾರ, ದಾರಿಯಲ್ಲಿ ವರ್ತಕನಿಂದ ಕಳೆದುಹೋದದ್ದನ್ನೂ ಕಳುವಾದದ್ದನ್ನೂ ಸುಂಕ ತೆಗೆದುಕೊಂಡ ಅಂತಪಾಲನೇ ತುಂಬಿಕೊಡಬೇಕು. ರಾತ್ರಿ ಹೆದ್ದಾರಿ ಬದಿಯಲ್ಲಿ ಮಲಗಿ, ಬೆಳಗ್ಗೆ ಎದ್ದು ಡೀಸೆಲ್ ಟ್ಯಾಂಕ್ ಬರಿದಾದದ್ದನ್ನು ನೋಡಿದ ಡ್ರೈವರ್‌ಗಳ ಅನುಭವದಿಂದ ಹೇಳುವುದಾದರೆ, ಈ ವಾಕ್ಯವಿದ್ದ ಗರಿ ಹೆದ್ದಾರಿಯವರ ಪ್ರತಿಯಲ್ಲಿ ಹುಳು ತಿಂದಿದೆ.

ಘಾಟಿಯ ನಿಲುಗಡೆ ದೈವಾಧೀನ. ಬೆಂಗಳೂರಿನಿಂದ ಮಂಗಳೂರಿಗೆ ಭಾರ ಇಳಿಸುವ ದಾರಿ ಶಿರಾಡಿ. ಆಗುಂಬೆ, ಚಾರ್ಮಾಡಿಗಳ ತಿರುವುಗಳು ದೊಡ್ಡ ಲಾರಿಗೆ ಒಗ್ಗುವುದಿಲ್ಲ. ಶಿರಾಡಿಯನ್ನು ಕಾಂಕ್ರೀಟ್ ಮಾಡಲು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು, ಎರಡನೆಯ ಹಂತಕ್ಕೆ 2018ರ ಜನವರಿಯಲ್ಲಿ ಮತ್ತೆ ಮುಚ್ಚಿದರು. ಜುಲೈನಲ್ಲಿ ತೆರೆಯಿತು. ಆಗಸ್ಟ್ ಮಳೆಗೆ ಗುಡ್ಡ ಕುಸಿದು ತಾನೇ ಮುಚ್ಚಿಕೊಂಡಿತು. ಸ್ಥಾವರವೆಂದು ಎಲ್ಲರೂ ಒಪ್ಪಿದ್ದ ಗುಡ್ಡ ಚಲಿಸಿತು, ಜಂಗಮವೆಂದು ಎಲ್ಲರೂ ನಂಬಿದ್ದ ಲಾರಿ ಸಕಲೇಶಪುರದಲ್ಲಿ ನಿಂತಿತು. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆನ್ನುವವರಿಗೆ ಹೇಳುವುದೇನೂ ಇಲ್ಲ.

ಸ್ವಯಂಸ್ಥಾವರವೆಂಬ ಹೊಸ ಪ್ರಭೇದವೂ ಹುಟ್ಟಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗೆ ಡೀಸೆಲ್ ಜೊತೆಗೆ, ಡ್ರೈವರ್‌ಗಳು ಯೂರಿಯಾ ಎಂದೇ ಕರೆಯುವ ದ್ರವವನ್ನೂ ಕುಡಿಸಬೇಕು. ಅದು ತೀರಿದರೆ ಎಂಜಿನ್ ತನ್ನ ಬಲವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಪೊಲೀಸರಿಲ್ಲದೆ, ಗುಡ್ಡವಿಲ್ಲದೆ, ಪಾರ್ಟಿಯೂ ಇಲ್ಲದೆ ನಿಲ್ಲಬಲ್ಲ ಲಾರಿ ಇದೇ ಮೊದಲು.

ಸಾಮೂಹಿಕ ಸ್ಥಾವರದ ಉದಾಹರಣೆ ಸಂಡೂರು, ಹೊಸಪೇಟೆಗಳಲ್ಲಿ ನಡೆದದ್ದು. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೊಲ ಮಾರಿದವರು, ಹೊಲ ಅಡವಿಟ್ಟವರು ಕಂತಿನ ಮೇಲೆ ಲಾರಿ ತಂದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿಯವರ ದುಡ್ಡು ಅಷ್ಟು ಹೊತ್ತಿಗೆ ಹೋಗಬೇಕಾದಲ್ಲಿಗೆ ಹೋಗಿ ಸೇರಿತ್ತು. ಊರ ಹೊರಗೆ ಸಾಲಾಗಿ ನಿಂತದ್ದು ಒಂದೊಂದು ಲಾರಿಯವರ ಒಂದೊಂದು ಲಾರಿ. ಅವುಗಳಲ್ಲಿ ಕೆಲವು ಆಮೇಲೆ ಚಲಿಸಿದವು, ಫೈನಾನ್ಸ್‌ನವರ ಸೀಜಿಂಗ್ ಯಾರ್ಡಿನ ತನಕ.

ಕ್ಲೀನರ್ ಅಭಾವ ಪ್ರಕರಣ

ಡ್ರೈವರ್ ಸಿಗದೆ ನಿಲ್ಲುವ ಲಾರಿಗಳು ಈಗ ಹೆಚ್ಚು. ಈ ವೃತ್ತಿಗೆ ಹೆಣ್ಣು ಕೊಡುವವರಿಲ್ಲ, ಮಗನನ್ನು ಈ ಕೆಲಸಕ್ಕೆ ಹಾಕಬಾರದೆಂದು ಡ್ರೈವರ್‌ಗಳೇ ಹೇಳುತ್ತಾರೆ ಎಂಬ ಕಾರಣಗಳು ಸರಿಯೇ. 2025ರ ಅಕ್ಟೋಬರ್‌ನಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದೂ ಒಳ್ಳೆಯದೇ. ಆದರೆ ಮೂಲಕಾರಣ ಎಡಗಡೆ ಸೀಟಿನಲ್ಲಿದೆ. ಹಿಂದೆ ಅಲ್ಲಿ ಕ್ಲೀನರ್ ಹುಡುಗ ಕೂರುತ್ತಿದ್ದ. ಗಾಜು ಒರೆಸುತ್ತ, ಹಗ್ಗ ಬಿಗಿಯುತ್ತ, ಹಿಂದಕ್ಕೆ ತೆಗೆಯುವಾಗ "ಬರ್ಲಿ, ಬರ್ಲಿ" ಎಂದು ಕೂಗುತ್ತ, ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯುತ್ತ, ಬೈಸಿಕೊಳ್ಳುತ್ತ ಕೆಲವೇ ವರ್ಷಗಳಲ್ಲಿ ಡ್ರೈವರ್ ಆಗುತ್ತಿದ್ದ. ಖರ್ಚು ಉಳಿಸಲು ಮಾಲೀಕರು ಆ ಸೀಟನ್ನು ಖಾಲಿ ಮಾಡಿಸಿದರು. ಉಳಿತಾಯವಾಯಿತು. ಈಗ ಅದೇ ಮಾಲೀಕರು ಸಂಘದ ಸಭೆಗಳಲ್ಲಿ, ಡ್ರೈವರ್‌ಗಳು ಎಲ್ಲಿ ಹೋದರು ಎಂದು ಭಾಷಣ ಮಾಡುತ್ತಾರೆ.

ಆಕ್ಷೇಪ, ಸಮಾಧಾನ

ಪೂರ್ವಪಕ್ಷದವರು ಕೇಳಬಹುದು: ಲಾರಿ ಸ್ಥಾವರವಾದರೆ, 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರು ಸಾವಿರಾರು ವಾಹನಗಳ ಸಂಸ್ಥೆ ಕಟ್ಟಿದ್ದು ಹೇಗೆ? ಸಮಾಧಾನ ಸುಲಭ. ಹತ್ತಾರು ವರ್ತಕರ ಪಾರ್ಸೆಲ್‌ಗಳನ್ನು ತಮ್ಮದೇ ಕಚೇರಿಗಳಲ್ಲಿ ಹತ್ತಿಸಿ, ತಮ್ಮದೇ ಕೇಂದ್ರಗಳಲ್ಲಿ ಇಳಿಸಿ, ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ತಮ್ಮದೇ ವರ್ಕ್‌ಶಾಪ್ ಇಟ್ಟುಕೊಂಡರೆ, ನಿಲುಗಡೆಗಳು ಪರರ ಗೇಟು ಬಿಟ್ಟು ನಮ್ಮ ಕಾಂಪೌಂಡಿಗೆ ಬರುತ್ತವೆ. ನಿಲ್ಲುವುದು ತಪ್ಪಲಿಲ್ಲ, ನಿಲ್ಲಿಸುವವರು ಬದಲಾದರು. ಇದು ಸಿದ್ಧಾಂತಕ್ಕೆ ಪೋಷಕವೇ ಹೊರತು ಬಾಧಕವಲ್ಲ. ಒಂದೇ ಲಾರಿಯ ಮಾಲೀಕನಿಗೆ ಕಾಂಪೌಂಡು ಎಲ್ಲಿಂದ ಬರಬೇಕೆಂಬುದು ಬೇರೆ ಪ್ರಬಂಧದ ವಿಷಯ.

ನಿಜವಾದ ತೊಡಕು ಕೊಂಕಣ ರೈಲ್ವೆಯಿಂದ ಬಂದದ್ದು. 1999ರಲ್ಲಿ ಮಹಾರಾಷ್ಟ್ರದ ಕೋಲಾಡಿಗೂ ಗೋವಾದ ವೆರ್ನಾಕ್ಕೂ ನಡುವೆ ಶುರುವಾಗಿ, ಆಮೇಲೆ ಸುರತ್ಕಲ್‌ವರೆಗೂ ಬಂದ ರೋ-ರೋ ಸೇವೆಯಲ್ಲಿ ತುಂಬಿದ ಲಾರಿ ರೈಲಿನ ಬೋಗಿ ಏರಿ ನಿಲ್ಲುತ್ತದೆ. ಎಂಜಿನ್ ಆಫ್, ಡ್ರೈವರ್ ಕ್ಯಾಬಿನ್ನಿನಲ್ಲಿ ಮಲಗಿರುತ್ತಾನೆ, ಕಿಟಕಿಯಾಚೆ ಕೊಂಕಣ ಹಿಂದಕ್ಕೆ ಸರಿಯುತ್ತದೆ. ಲಾರಿ ನಿಂತಿದೆಯೇ, ಚಲಿಸಿದೆಯೇ? ಕಿಲೋಮೀಟರ್ ಮೀಟರಿನ ಪ್ರಕಾರ ನಿಂತಿದೆ. ಟೈರು ಸವೆದಿಲ್ಲ, ಡೀಸೆಲ್ ಸುಟ್ಟಿಲ್ಲ. ಬಿಲ್ಟಿಯ ಪ್ರಕಾರ ಸುರತ್ಕಲ್‌ನಲ್ಲಿದ್ದ ಸರಕು ಕೋಲಾಡಿನಲ್ಲಿದೆ. ಡ್ರೈವರ್‌ಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಟಾ ಕೊಡುವ ಮಾಲೀಕ, ಮೀಟರ್ ತಿರುಗಿಲ್ಲವಾದ್ದರಿಂದ ಬಾಟಾ ಹುಟ್ಟುವುದಿಲ್ಲ ಎನ್ನುತ್ತಾನೆ. ಹಾಗಾದರೆ ನಾನೇನು ಕೋಲಾಡಿಗೆ ನಡೆದುಕೊಂಡು ಬಂದೆನಾ ಅಣ್ಣ ಎಂದು ಡ್ರೈವರ್. ಎರಡೂ ವಾದಗಳು ಅಖಂಡ. ಆಫೀಸಿನ ಗುಮಾಸ್ತರ ಮತವೇ ಇಲ್ಲಿ ಗ್ರಾಹ್ಯವೆಂದು ಪ್ರಬಂಧಕಾರನ ಅಭಿಪ್ರಾಯ: ಟ್ರಿಪ್ ಶೀಟಿನಲ್ಲಿ ಆ ದಿನವನ್ನು ಹಾಲ್ಟಿಂಗ್ ಎಂದು ಬರೆದು ಅರ್ಧ ಬಾಟಾ ಕೊಡತಕ್ಕದ್ದು, ಪಾರ್ಟಿಗೆ ಕಳಿಸುವ ಬಿಲ್ಲಿನಲ್ಲಿ ಅದೇ ದಿನವನ್ನು ಓಟ ಎಂದು ಬರೆದು ಪೂರ್ತಿ ಬಾಡಿಗೆ ಹಾಕತಕ್ಕದ್ದು.