ಹಳೇ ಅಂಬಾಸಿಡರ್, ಗುಜರಿ ಬ್ರೇಕು

ಹಳೇ ಅಂಬಾಸಿಡರ್‌ನಲ್ಲಿ ಬ್ರೇಕ್ ತುಳಿಯುವುದೆಂದರೆ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದಂತೆ. ಮಂಜೂರಾತಿ ಮುಂದಿನ ಸಿಗ್ನಲ್ ಹೊತ್ತಿಗೆ ಬರುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ಮು. ಘಾಟಿ ಇಳಿಯುವಾಗ ಅವು ಕಾದರಂತೂ ಮನೆದೇವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಇಸುಜು ಎಂಜಿನ್ನಿನ ತಮ್ಮಂದಿರಿಗೆ ಮುಂದುಗಡೆ ಡಿಸ್ಕ್ ಬಂತು. ಆದರೆ 2014ರಲ್ಲಿ ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆಯೇ ಬ್ರೇಕ್ ಹಾಕಿತಲ್ಲ! ಹಳೇ ಗಾಡಿಗೆ ಆ ಡಿಸ್ಕ್ ಹಾಕಿಸಬೇಕೆಂದರೆ ಈಗ ಶಿವಾಜಿನಗರದ ಗುಜರಿಯೇ ಗತಿ.

“ಒಳ್ಳೇ ಮಾಲು ಸಾರ್, ಡಾಕ್ಟ್ರ ಗಾಡೀದು” ಅನ್ನುತ್ತಾನೆ ಅಂಗಡಿಯವ. ಗುಜರಿಗೆ ಬರುವ ಕಾರುಗಳೆಲ್ಲ ಡಾಕ್ಟರದ್ದೇ. ಟ್ಯಾಕ್ಸಿಗಳೆಲ್ಲ ಎಲ್ಲಿ ಹೋದವೋ! ನಾವು ಡಿಸ್ಕಿನ ಅಂಚಿಗೆ ಉಗುರು ಹಾಯಿಸಬೇಕು. ಏಣು ತಗುಲಿತೋ, ಡಾಕ್ಟರು ಘಾಟಿಯಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದರೆಂದು ತಿಳಿಯಿರಿ. ಕ್ಯಾಲಿಪರಿನ ರಬ್ಬರ್ ಸರಿಸಿ ಪಿಸ್ಟನ್ನಿಗೆ ತುಕ್ಕು ಹಿಡಿದಿದೆಯೇ ನೋಡಿ.

ಕ್ಯಾಲಿಪರ್ ಒಂದನ್ನೇ ತಂದರೆ ಸಾಲದು. ಬ್ರಾಕೆಟ್, ಹಬ್, ಬೂಸ್ಟರ್, ಮಾಸ್ಟರ್ ಸಿಲಿಂಡರ್ ಎಲ್ಲ ಬೀಗರ ಕಡೆಯವರ ಹಾಗೆ ಸಂಸಾರ ಸಮೇತ ಬರಬೇಕು. ಡ್ರಮ್ಮಿನ ಹಳೇ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ತುಸು ಒತ್ತಡ ಉಳಿಸಿಕೊಳ್ಳುತ್ತದೆ. ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಸದಾ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ.

ಕಬ್ಬಿಣ ಗುಜರಿಯದ್ದಾದರೂ ಸರಿ, ಸೀಲು, ಹೋಸ್ ಪೈಪು, ಪ್ಯಾಡು ಮಾತ್ರ ಜೆ.ಸಿ. ರಸ್ತೆಯಿಂದ ಹೊಸತೇ ತನ್ನಿ. ಅಲ್ಲಿ ಜಿಪುಣತನ ಬೇಡ. ಮತ್ತೆ, ಮೊದಲ ಸಲ ಜೋರಾಗಿ ತುಳಿಯುವ ಮುನ್ನ ಹಿಂದಿನ ಸೀಟಿನಲ್ಲಿರುವ ಮಾವನವರಿಗೆ ಒಂದು ಮಾತು ಹೇಳಿಡಿ.