ಫೈನಲ್, ಹೊಸ ಫೈನಲ್
ಮಗುವಿಗೆ ಹೆಸರಿಡಲು ತಿಂಗಳುಗಟ್ಟಲೆ ಪಂಚಾಂಗ ತಿರುವುವ ನಮ್ಮ ಡಿಸೈನ್ ಹುಡುಗರು, ಕ್ಯಾಡ್‌ನಲ್ಲಿ ಹುಟ್ಟಿದ ಬಿಡಿಭಾಗಕ್ಕೆ ಮಾತ್ರ ಸಾಫ್ಟ್‌ವೇರ್ ಇಟ್ಟ 'ಪಾರ್ಟ್1' ಹೆಸರನ್ನೇ ಉಳಿಸುತ್ತಾರೆ. ನಾಲ್ವರು ಸೇರಿದರೆ ನಾಲ್ಕು 'ಪಾರ್ಟ್1'! ನಮ್ಮ ಕ್ಯಾಡ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಒಂದೇ ಹೆಸರಿನ ಎರಡು ಫೈಲುಗಳನ್ನು ಒಟ್ಟಿಗೆ ತೆರೆಯುವುದಿಲ್ಲ. ಮೊದಲು ತೆರೆದದ್ದನ್ನೇ ಎತ್ತಿಕೊಂಡು ಗೇರಿನ ಜಾಗದಲ್ಲಿ ಬ್ರಾಕೆಟ್ ಕೂರಿಸಲು ಹೊರಡುತ್ತದೆ.

ಇನ್ನು ಎಂ6 ಬೋಲ್ಟ್. ಒಬ್ಬನ ಫೋಲ್ಡರಿನಲ್ಲಿ 'ಬೋಲ್ಟ್_ಎಂ6_20', ಇನ್ನೊಬ್ಬನಲ್ಲಿ 'ಎಂ6_ಸ್ಕ್ರೂ', ಮತ್ತೊಬ್ಬನಲ್ಲಿ 'ಬೋಲ್ಟ್_ಫೈನಲ್_ಹೊಸದು'. ಮೂರರ ಪಿಚ್ಚೂ 1 ಮಿ.ಮೀ., ಉದ್ದವೂ ಒಂದೇ. ಬಿಲ್ ಆಫ್ ಮೆಟೀರಿಯಲ್ಸ್‌ನಲ್ಲಿ ಮಾತ್ರ ಮೂರು ಸಾಲು, ಸ್ಟೋರ್ಸಿನಲ್ಲಿ ಮೂರು ಡಬ್ಬಿ, ಪರ್ಚೇಸಿನವರಿಗೆ ಮೂರು ಪಟ್ಟು ತಲೆನೋವು.

ಅರ್ಥವೇ ಇಲ್ಲದ ಸೀರಿಯಲ್ ನಂಬರು ಎಲ್ಲಕ್ಕಿಂತ ಒಳ್ಳೆಯ ಹೆಸರು ಅಂತ ನನ್ನ ವಾದ. ಯಾರೂ ಕೇಳಲಿಲ್ಲ. ಕನಿಷ್ಠ 'ಫೈನಲ್' ಪದವನ್ನಾದರೂ ಬಿಡ್ರಪ್ಪಾ ಎಂದೆ. ಮರುದಿನ ಫೈಲು ಬಂತು: 'ಬ್ರಾಕೆಟ್_ಫೈನಲ್_ಅಲ್ಲ'.